ಬಿಂಬುಳಿ ರಸ ಮತ್ತು ಎಲ್ಲ ಬಲ್ಲವರು

ಶಿರ್ವದ ನಮ್ಮ ಹಿತ್ತಿಲಿನಲ್ಲಿ ಒಂದು ಬಿಂಬುಳಿ ಮರವಿದೆ. ಮೀನಿನ ಸಾರಿಗೆ ಹುಣಸೆಯ ಬದಲು ಅದರ ನಾಲ್ಕು ಕಾಯಿ ಹಾಕುವುದು ನನ್ನ ಅತ್ತೆಯ ಕಾಲದಿಂದಲೂ ರೂಢಿ. ಅದರಿಂದ ಯಾರಿಗೂ ಏನೂ ಆಗಿರಲಿಲ್ಲ.

ಹೋದ ವರ್ಷ ನನ್ನ ಗಂಡನಿಗೆ ಕೊಲೆಸ್ಟ್ರಾಲ್ ಹೆಚ್ಚಿದೆ ಎಂದು ಗೊತ್ತಾದದ್ದೇ ತಡ, ಕುಟುಂಬದ ವಾಟ್ಸಾಪ್ ಗುಂಪಿನವರೆಲ್ಲ ವೈದ್ಯರಾದರು. ದುಬೈಯಲ್ಲಿರುವ ನನ್ನ ತಮ್ಮನಂತೂ ವಿಡಿಯೊದ ಮೇಲೆ ವಿಡಿಯೊ ಕಳಿಸಿದ. ಬಿಂಬುಳಿ ಅರೆದು, ಹಿಂಡಿ, ಬೆಳಿಗ್ಗೆ ಬರಿ ಹೊಟ್ಟೆಗೆ ಒಂದು ಲೋಟ ಕುಡಿಯಬೇಕಂತೆ.

"ಸಾರಿಗೆ ಹಾಕುವುದು ಬೇರೆ, ಲೋಟಗಟ್ಟಲೆ ಕುಡಿಯುವುದು ಬೇರೆ ಮಾರಾಯ್ರೆ. ಅತಿಯಾದರೆ ಅಮೃತವೂ ವಿಷ," ಎಂದೆ.

"ನಿನಗೆಂತ ಗೊತ್ತುಂಟು? ಇದರಲ್ಲಿ ಎಲ್ಲ ವಿವರ ಉಂಟು, ನೋಡು," ಎಂದು ನನ್ನವರು ಫೋನನ್ನು ನನ್ನ ಮೂಗಿನ ಮುಂದೆ ಹಿಡಿದರು. ವಾದ ಮಾಡಿ ಮಾಡಿ ನನಗೂ ಸಾಕಾಗಿತ್ತು. ಕುಡಿದು ಸಾಯಲಿ ಎಂದು ಬಾಯಿಗೂ ಬಂತು, ನುಂಗಿಕೊಂಡೆ.

ದಿನಾ ಒಂದು ಲೋಟ ಕುಡಿಯತೊಡಗಿದ ಕೆಲವೇ ದಿನಗಳಲ್ಲಿ ಅವರಿಗೆ ಊಟ ಸೇರದಾಯಿತು, ಕಾಲು ಊದಿತು, ಮೂತ್ರ ಕಟ್ಟಿತು. ಗುಂಪಿನಲ್ಲಿ ಅದಕ್ಕೂ ಉತ್ತರಗಳಿದ್ದವು: ಗ್ಯಾಸ್ಟ್ರಿಕ್, ಉಷ್ಣ, ಪಿತ್ತ, ಯಾರದೋ ದೃಷ್ಟಿ. ಓದಿ ಓದಿ ತಲೆ ಚಿಟ್ಟು ಹಿಡಿದು, ಅವರನ್ನು ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ರಿಪೋರ್ಟುಗಳನ್ನೆಲ್ಲ ನೋಡಿದ ಡಾಕ್ಟರು, "ಕಿಡ್ನಿಗೆ ಪೆಟ್ಟಾಗಿದೆ. ಯಾಕೆ ಅಂತ ನನಗೆ ಗೊತ್ತಾಗ್ತಾ ಇಲ್ಲ," ಎಂದರು.

"ಇಷ್ಟು ದೂರ ಬಂದದ್ದು ಗೊತ್ತಿಲ್ಲ ಅಂತ ಕೇಳಲಿಕ್ಕಾ?" ನನ್ನವರು ನನ್ನ ಕಿವಿಯಲ್ಲಿ ಗೊಣಗಿದರು.

ಡಾಕ್ಟರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಈಚೆಗೆ ಮನೆಯಲ್ಲಿ ಎಂತೆಲ್ಲ ತಿಂದಿದ್ದೀರಿ, ಕುಡಿದಿದ್ದೀರಿ? ನಿಧಾನ ಹೇಳಿ."

ಅಷ್ಟು ಜನರಲ್ಲಿ ನಮ್ಮನ್ನು ಕೇಳಿದವರು ಅವರೊಬ್ಬರೇ. ಉಳಿದವರಿಗೆ ಎಲ್ಲ ಗೊತ್ತಿತ್ತಲ್ಲ, ಕೇಳುವುದು ಯಾಕೆ? ನನ್ನವರು ತಲೆ ತಗ್ಗಿಸಿ ಬಿಂಬುಳಿ ರಸದ ವಿಷಯ ಹೇಳಿದರು. ಅದರ ಆಮ್ಲ ಕಿಡ್ನಿಯಲ್ಲಿ ಹರಳುಗಟ್ಟಿರಬಹುದು, ಪರೀಕ್ಷೆ ಮಾಡಿ ನೋಡುವ ಎಂದರು ಡಾಕ್ಟರು. ಅದೇ ಆಗಿತ್ತು.

ಮೊದಲ ಡಯಾಲಿಸಿಸ್ ಮುಗಿಸಿ ಅವರನ್ನು ವಾರ್ಡಿಗೆ ತಂದಾಗ ತಮ್ಮನ ಮೆಸೇಜು ಬಂತು. ಶುಂಠಿ ಹಾಕದೆ ಕುಡಿದದ್ದೇ ತಪ್ಪಂತೆ. ಫೋನು ಆಫ್ ಮಾಡಿ ಚೀಲಕ್ಕೆ ಹಾಕಿದೆ. ಸಿಟ್ಟು ಕೂಡ ಬರಲಿಲ್ಲ, ಅಷ್ಟು ದಣಿದಿದ್ದೆ.

"ನನ್ನ ಕಿಡ್ನಿ ಸರಿಯಾಗ್ತದಾ?" ಎಂದು ಅವರು ಕೇಳಿದರು. ಮದುವೆಯಾದಂದಿನಿಂದ ಅವರು ನನಗೆ ಹೇಳಿದ್ದೇ ಹೆಚ್ಚು, ಕೇಳಿದ್ದು ನೆನಪಿಲ್ಲ. ಆಗ್ತದೆ ಎಂದುಬಿಡಬಹುದಿತ್ತು.

"ಗೊತ್ತಿಲ್ಲ ಮಾರಾಯ್ರೆ," ಎಂದೆ.

ಅವರು ಮಂಚದಲ್ಲಿ ಸ್ವಲ್ಪ ಸರಿದು ನನಗೆ ಕೂರಲು ಜಾಗ ಮಾಡಿಕೊಟ್ಟರು.