ಆಯುಧಪೂಜೆಗೆ ಇಟ್ಟ ಕ್ಯಾಪ್ಟನ್ನರ ಕತ್ತಿ

ಮೊನ್ನೆ ಅಡುಗೆಮನೆಯ ಕಪಾಟು ಒರೆಸುವಾಗ ಮೂಲೆಯಲ್ಲಿ ಹಿತ್ತಾಳೆ ಪಾಲಿಶಿನ ಹಳೆಯ ಡಬ್ಬ ಸಿಕ್ಕಿತು. ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಚಾಕುವಿನಿಂದ ಮೀಟಿ ತೆಗೆದದ್ದೇ ತಡ, ಸೀಮೆಎಣ್ಣೆಯಂಥ ಆ ಘಾಟು ಮೂಗಿಗೆ ಬಡಿಯಿತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಕ್ಯಾಪ್ಟನ್...

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ನಾವಾಗ ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿದ್ದೆವು. ಎದುರು ಫ್ಲಾಟಿನಲ್ಲಿ ಒಬ್ಬರೇ ಇದ್ದವರು ಬ್ರಿಟಿಷ್ ನೌಕಾಪಡೆಯಲ್ಲಿ ದೊಡ್ಡ ಅಧಿಕಾರಿಯಾಗಿದ್ದವರು. ವಾಚ್‌ಮನ್‌ನಿಂದ ಹಿಡಿದು ಕೆಳಗಿನ ಅಂಗಡಿಯ ಭಟ್ಕಳದ ಸಾಹೇಬರವರೆಗೆ ಎಲ್ಲರಿಗೂ ಅವರು ಕ್ಯಾಪ್ಟನ್. ಎಂಬತ್ತರ ಹತ್ತಿರದ ವಯಸ್ಸು, ಬೆನ್ನು ಮಾತ್ರ ನೆಟ್ಟಗೆ. ಎರಡು ಹೆಜ್ಜೆ ದಾಟಿ ನಮ್ಮ ಮನೆಗೆ ಕಾಫಿಗೆ ಬರುವುದಕ್ಕೂ ಟೈ ಕಟ್ಟಿಕೊಳ್ಳುತ್ತಿದ್ದರು. ನೀರುದೋಸೆಯನ್ನು ಫೋರ್ಕಿನಲ್ಲಿ ಸುತ್ತಿ ತಿನ್ನುತ್ತಿದ್ದ ಆ ಚಂದ ನೋಡಬೇಕಿತ್ತು!

ಅಪ್ಪ ಲಾರ್ಡ್ ಅಂತೆ. ಅರಮನೆಯಂಥ ಮನೆ, ಜಿಂಕೆ ಮೇಯುವ ತೋಟ. ಆದರೆ ಅವರಲ್ಲಿ ಮನೆ, ಬಿರುದು ಎಲ್ಲವೂ ಹಿರಿಮಗನಿಗೆ. ಎರಡನೆಯವನಾದ ಇವರನ್ನು ಮೀಸೆ ಮೂಡುವ ಮೊದಲೇ ನೌಕಾಪಡೆಯ ಶಾಲೆಗೆ ಅಟ್ಟಿದ್ದರು. "ಇದೆಂಥ ನ್ಯಾಯ ಮಾರಾಯ್ರೆ?" ಎಂದು ನಾನು ಸಿಡುಕಿದರೆ ನಗುತ್ತಿದ್ದರು. ಜಿಂಕೆಗಳಿಗಿಂತ ನಾವಿಕರ ಸಹವಾಸ ವಾಸಿಯಾಗಿತ್ತು ಎನ್ನುತ್ತಿದ್ದರು. ಮಾಲ್ಟಾ, ಸಿಂಗಾಪುರ, ಏಡನ್ ಎಂದು ಕಥೆ ಹೇಳುತ್ತ ಹೇಳುತ್ತ, ಚಿಕ್ಕ ವಯಸ್ಸಿಗೇ ಒಂದು ಹಡಗಿನ ಕ್ಯಾಪ್ಟನ್ ಆದಲ್ಲಿಗೆ ಬಂದು ನಿಲ್ಲಿಸಿಬಿಡುತ್ತಿದ್ದರು.

"ಆಮೇಲೆ?" ಎಂದು ಕೇಳಿದರೆ, "ಆಮೇಲೆ ಖಲಾಸ್. ಅಬುಧಾಬಿ," ಎಂದು ಕೈ ಕೊಡವಿಕೊಳ್ಳುವರು. ಇಲ್ಲಿ ಬರೀ ಮರಳಿದ್ದ ಕಾಲದಲ್ಲಿ ಬಂದರಿನ ಕೆಲಸಕ್ಕೆಂದು ಬಂದವರು ವಾಪಸು ಹೋಗಲೇ ಇಲ್ಲ. ಯಾಕೆಂದು ನಾವೂ ಕೆದಕಲಿಲ್ಲ.

ಆ ವರ್ಷ ಅತ್ತೆ ಕುಂದಾಪುರದಿಂದ ವಿಸಿಟ್ ವೀಸಾದಲ್ಲಿ ಬಂದಿದ್ದರು. ಆಯುಧಪೂಜೆ ಶುಕ್ರವಾರ ಬಿತ್ತು, ರಜೆಯ ದಿನ. ಗಂಡ ದುಬೈಯ ದೇವಸ್ಥಾನದ ಓಣಿಯಿಂದ ಸೇವಂತಿಗೆ ತಂದಿದ್ದ. ಅವನ ಡ್ರಿಲ್ಲಿಂಗ್ ಮಶಿನ್, ನನ್ನ ಹೊಲಿಗೆ ಯಂತ್ರ, ಅತ್ತೆಯ ಈಳಿಗೆಮಣೆಯನ್ನೆಲ್ಲ ಸಾಲಾಗಿ ಇಡುವಾಗ ನನಗೊಂದು ಹುಕಿ ಬಂತು: ಪಾಪ, ಕ್ಯಾಪ್ಟನ್ನರದೂ ಒಂದಿರಲಿ. ಆಸ್ಪತ್ರೆಗೆ ಹೊರಟಿದ್ದವರನ್ನು ಬಾಗಿಲಲ್ಲೇ ಹಿಡಿದು, ನೀವು ಕೆಲಸಕ್ಕೆ ಬಳಸಿದ್ದು ಏನಾದರೂ ಕೊಡಿ ಎಂದೆ. ಕೀ ನನ್ನ ಕೈಗಿತ್ತು, ಬೇಕಾದ್ದು ತಗೋ ಎಂದು ಹೋದರು.

ಶೆಲ್ಫಿನ ಮೇಲೆ ಅವರ ದುರ್ಬೀನು ಕಣ್ಣಿಗೆ ಹೊಡೆಯುವಂತೆ ಇತ್ತು. ಅವರು ಅಂದುಕೊಂಡದ್ದು ಅದನ್ನೇ ಇರಬೇಕು. ಆದರೆ ಕೋಣೆಯ ಬಾಗಿಲ ಹಿಂದೆ, ಮಳೆ ಕೋಟಿನ ಅಡಿಯಲ್ಲಿ ಕತ್ತಿ ನೇತಾಡುತ್ತಿತ್ತು! ಆಯುಧಪೂಜೆಗೆ ಕತ್ತಿ ಬಿಟ್ಟು ದುರ್ಬೀನು ಯಾರು ಇಡುತ್ತಾರೆ? ಕಿಲುಬು ಹಿಡಿದಿದ್ದ ಹಿತ್ತಾಳೆಯ ಹಿಡಿಯನ್ನು ನಾನೂ ಗಂಡನೂ ಪಾಲಿಶ್ ಹಾಕಿ ಫಳಫಳ ಮಾಡಿದೆವು. ಮೇಜಿಗೆ ಕೆಂಪು ರೇಷ್ಮೆ ಹಾಸಿ, ಒರೆಯಿಂದ ತೆಗೆದ ಕತ್ತಿ ಮಲಗಿಸಿ, ಕುಂಕುಮ ಹಚ್ಚಿ ಹೂವಿಟ್ಟೆವು. ಹಿಡಿ ದೇವರ ದೀಪದ ಕಡೆಗಿತ್ತು, ಮೊನೆ ಬಾಗಿಲ ಕಡೆಗೆ. ಮೇಜಿನ ಈಚೆ ಕಡೆ ಅವರಿಗೊಂದು ಕುರ್ಚಿ ಹಾಕಿದ್ದೆವು.

ಕ್ಯಾಪ್ಟನ್ ಟೈ ಕಟ್ಟಿಕೊಂಡು, ಕೈಯಲ್ಲಿ ಖರ್ಜೂರದ ಪೊಟ್ಟಣ ಹಿಡಿದು, ನಗುತ್ತಾ ಒಳಗೆ ಬಂದರು. ಮೇಜು ನೋಡಿದರು. ಅಯ್ಯೋ ದೇವರೇ, ಮನುಷ್ಯನ ಮುಖದಿಂದ ರಕ್ತ ಹಾಗೆ ಇಳಿದುಹೋಗುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಪೊಟ್ಟಣ ಕೆಳಗೆ ಬಿತ್ತು. ಎರಡೂ ಕಾಲು ಜೋಡಿಸಿ, ಕೈ ಪಕ್ಕಕ್ಕಿಟ್ಟು ಸೆಟೆದು ನಿಂತರು.

"ಗಿಲ್ಟಿ," ಎಂದರು. ದನಿಯೇ ಅವರದಾಗಿರಲಿಲ್ಲ.

"ಅಯ್ಯಬ್ಯಾ, ಎಂತ ಆಯ್ತ್ ಇವ್ರಿಗೆ?" ಎಂದು ಅತ್ತೆ ಎದ್ದರು. ಕ್ಯಾಪ್ಟನ್ ನಿಂತಲ್ಲೇ, ಕತ್ತಿಯ ಮೇಲಿನ ಕಣ್ಣು ಕೀಳದೆ, ತುಂಡು ತುಂಡಾಗಿ ಹೇಳಿದರು. ಮಂಜಿನಲ್ಲಿ ಅವರ ಹಡಗು ಬಂಡೆಗೆ ಬಡಿದು ಮುಳುಗಿತ್ತು. ವೇಗ ತಗ್ಗಿಸಿ ಎಂದು ಜೊತೆಯವರು ಹೇಳಿದ್ದನ್ನು ಅವರು ಕೇಳಿರಲಿಲ್ಲ. ಅಡುಗೆಮನೆಯಲ್ಲಿದ್ದ ಒಬ್ಬ ನಾವಿಕ ಹೊರಗೆ ಬರಲಾಗದೆ ಸತ್ತ. ನೌಕಾಪಡೆಯ ವಿಚಾರಣೆಯಲ್ಲಿ ಅಧಿಕಾರಿಯ ಸ್ವಂತ ಕತ್ತಿಯನ್ನೇ ನ್ಯಾಯಾಧೀಶರ ಮೇಜಿನ ಮೇಲೆ ಇಡುತ್ತಾರಂತೆ. ತೀರ್ಪು ಕೇಳಲು ಒಳಗೆ ಕರೆದಾಗ ಮೊನೆ ತನ್ನ ಕಡೆಗಿದ್ದರೆ ಅಪರಾಧಿ. ಬಾಯಿ ಬಿಟ್ಟು ಹೇಳುವ ಮೊದಲೇ ಗೊತ್ತಾಗಿಬಿಡುತ್ತದೆ. ಅವರ ಕಡೆಗೇ ಇತ್ತು... ಅವರಪ್ಪ ಮತ್ತೆಂದೂ ಮಗನ ಮುಖ ನೋಡಲಿಲ್ಲ.

ಗಂಡ ಗಾಬರಿಯಿಂದ ಕತ್ತಿ ತಿರುಗಿಸಲು ಹೋದ. ಅತ್ತೆ ಅವನ ಕೈಗೆ ಪಟ್ಟೆಂದು ಹೊಡೆದರು. "ಪೂಜಿಗಿಟ್ಟದ್ದ್ ಅಲುಗ್ಸುಕಾಗ! ಇವತ್ತ್ ಅದಕ್ಕೆ ಕೆಲ್ಸ ಇಲ್ಲ, ರಜೆ. ಕತ್ತಿ ಅಲ್ಲೇ ಇರ್ಲಿ, ಅವ್ರ್ ಆಚಿ ಬರ್ಲಿ."

ನಾನು ಅದನ್ನು ತಡವರಿಸುತ್ತ ಇಂಗ್ಲಿಷಿನಲ್ಲಿ ಹೇಳಿದೆ. ಈ ಒಂದು ದಿನ ಯಾವ ಆಯುಧವೂ ದುಡಿಯಬಾರದು, ಯಾರ ಮೇಲೂ ಏರಬಾರದು ಎಂದೆ. ಅಷ್ಟರಲ್ಲಿ ಅತ್ತೆ ಲಾರ್ಡ್ ಮಗನ ಮುಂಗೈ ಹಿಡಿದು, "ಹ್ವಾಯ್, ಬನ್ನಿ," ಎಂದು ಮೇಜು ಸುತ್ತಿಸಿ ಹಿಡಿಯ ಕಡೆಗೆ ಕರೆದೊಯ್ದು, ದೀಪದ ಪಕ್ಕದ ಸ್ಟೂಲಿನ ಮೇಲೆ ಕೂರಿಸಿಯೇಬಿಟ್ಟರು. ಮಗುವಿನ ಹಾಗೆ ಕೂತರು ಅವರು. ಎದುರಿನ ಖಾಲಿ ಕುರ್ಚಿಯನ್ನು ಎಷ್ಟೋ ಹೊತ್ತು ನೋಡಿದರು.

"ಇಲ್ಲಿಂದ ನೋಡಿದರೆ ಅವನು ಎಷ್ಟು ಚಿಕ್ಕವನು," ಎಂದರು. ವಿಚಾರಣೆಯ ದಿನ ಮೊನೆಯ ಎದುರು ನಿಂತಿದ್ದ ತಮ್ಮನ್ನೇ ಅವರು ಹಾಗೆಂದದ್ದು. ಆಮೇಲೆ ಬಿಕ್ಕಿ ಬಿಕ್ಕಿ ಅತ್ತರು. ನಾವೂ ಅತ್ತೆವು. ಊಟಕ್ಕೆ ಎಲೆ ಹಾಕಿದಾಗ ಮೊದಲ ಬಾರಿಗೆ ಕೈಯಲ್ಲಿ ಉಂಡರು, ಪಾಯಸ ಮೊಣಕೈವರೆಗೂ ಹರಿಯಿತು.

ಮುಂದಿನ ಬೇಸಿಗೆಯಲ್ಲಿ ಅವರು ನಿದ್ದೆಯಲ್ಲೇ ಹೋಗಿಬಿಟ್ಟರು. ರಾಯಭಾರ ಕಚೇರಿಯಿಂದ ಫೋನು ಹೋಗಿ, ಅಣ್ಣನ ಮಗ ಲಂಡನ್ನಿನಿಂದ ಬಂದ. ಈಗಿನ ಲಾರ್ಡ್ ಅವನೇ. ಅವರ ಫ್ಲಾಟಿನ ಕೀಗೆಂದು ನಮ್ಮ ಬಾಗಿಲಿಗೆ ಬಂದವನ ಮುಖ ಬಿಳುಚಿಕೊಂಡಿತ್ತು.

"ನಿಮಗೆ ಅವರ ಪರಿಚಯ ಇತ್ತಾ?" ಎಂದು ಕೇಳಿದ.

"ಪರಿಚಯವೇ? ದಿನಾ ಬರುತ್ತಿದ್ದರು."

ಅವನು ಗೋಡೆಗೆ ಕೈ ಕೊಟ್ಟ. "ಅವರು ಹಡಗಿನ ಜೊತೆಗೇ ಮುಳುಗಿ ಸತ್ತರು ಅಂತ ಅಜ್ಜ ಹೇಳಿದ್ದರು. ನಮ್ಮೂರ ಚರ್ಚಿನ ಗೋಡೆಯಲ್ಲಿ ಅವರ ಹೆಸರಿನ ಕಲ್ಲಿದೆ. ಚಿಕ್ಕಂದಿನಲ್ಲಿ ಪ್ರತಿ ಭಾನುವಾರ ಅದರ ಕೆಳಗೇ ಕೂರುತ್ತಿದ್ದೆ. ಈ ವಾರದವರೆಗೂ..."

ನನಗೆ ಮೈಯೆಲ್ಲ ಉರಿಯಿತು. ಹೆತ್ತ ಅಪ್ಪ! ಬದುಕಿರುವ ಮಗನಿಗೆ ಕಲ್ಲು ಕೆತ್ತಿಸಿದನಲ್ಲ, ಅವನ ಮನೆ ಹಾಳಾಗ! ಕ್ಯಾಪ್ಟನ್ನರಿಗೆ ಅದು ಗೊತ್ತಿತ್ತೋ ಇಲ್ಲವೋ, ಇನ್ನು ಯಾರನ್ನು ಕೇಳಲಿ?

"ಅವರು ಹೇಗಿದ್ದರು?" ಎಂದು ಅವನು ಕೇಳಿದ. ಎಲ್ಲಿಂದ ಶುರು ಮಾಡುವುದೋ ತಿಳಿಯದೆ, "ಕಾಫಿಗೆ ಮೂರು ಚಮಚ ಸಕ್ಕರೆ ಹಾಕಿಕೊಳ್ಳುತ್ತಿದ್ದರು," ಎಂದೆ. ಅವನು ಅಲ್ಲೇ ಹೊಸ್ತಿಲ ಮೇಲೆ ಕೂತ, ಇನ್ನೂ ಹೇಳಿ ಎಂದ.

ಈಗ ನಾವಿರುವುದು ರೀಮ್ ಐಲ್ಯಾಂಡಿನಲ್ಲಿ, ಅತ್ತೆಯೂ ಇಲ್ಲ. ಆ ಕಲ್ಲನ್ನು ಕ್ಯಾಪ್ಟನ್ನರ ಅಣ್ಣನ ಮಗ ತೆಗೆಸಿದನೋ ಇಲ್ಲವೋ ಗೊತ್ತಿಲ್ಲ. ತೆಗೆಸದಿದ್ದರೆ ಅದರ ಮೇಲಿರುವುದು ಹಸಿ ಸುಳ್ಳು. ಅವರು ಮುಳುಗಿರಲಿಲ್ಲ. ನಮ್ಮ ಎದುರು ಮನೆಯಲ್ಲಿದ್ದರು.