ಅರ್ಜಿಗೆ ಸೇರಿದ ಸಾರು

ಕೊರೊನಾ ಕಾಲದಲ್ಲಿ ಹಿರೋಷಿಮಾದಲ್ಲಿ ಓದುತ್ತಿದ್ದೆ. ಸ್ವಂತ ದುಡಿಮೆಯಲ್ಲಿ ಓದುವವರಿಗೆ ಕಾಲೇಜಿನಲ್ಲಿ ಫೀಸು ಮಾಫಿಯಿತ್ತು. ಆದಾಯ ಜಾಸ್ತಿಯಾದರೆ ಮಾಫಿಯಿಲ್ಲ; ತೀರಾ ಕಮ್ಮಿಯಾದರೆ ಮನೆಯವರೇ ಸಾಕುತ್ತಿದ್ದಾರೆಂಬ ಗುಮಾನಿ. ಹಗಲೂ ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಯಲ್ಲಿ ನಾನು ದುಡಿದ ಸಣ್ಣ ಸಂಬಳದ ಚೀಟಿ ನೋಡಿ, ಪ್ಲಾಸ್ಟಿಕ್ ಪರದೆಯಾಚೆಯಿಂದ ಕಚೇರಿಯ ತನಾಕಾ ಸಾನ್ ಕ್ಷಮೆ ಕೋರುತ್ತಲೇ ಕೇಳಿದರು, "ಸುಮಿಮಾಸೆನ್, ಊಟಕ್ಕೆ ಏನು ಮಾಡ್ತೀರಿ?"

ನಮ್ಮೂರಿನ "ಊಟ ಆಯ್ತಾ?" ಥರದ ಉಪಚಾರವೆಂದುಕೊಂಡು ನಾನು ಖುಷಿಯಿಂದ, "ದಿನಾ ಅನ್ನ, ತಿಳಿಸಾರು. ಭಾನುವಾರ ಉಪ್ಪಿಟ್ಟು" ಎಂದೆ. ಅವರು ಒಂದು ಪ್ಯಾಕೆಟ್ ಬೇಳೆ ಎಷ್ಟು ದಿನ ಬರುತ್ತದೆ ಎಂದೂ ಕೇಳಿ ಗಂಭೀರವಾಗಿ ಬರೆದುಕೊಂಡರು. ಅದು ಗುಮಾನಿಯ ಪ್ರಶ್ನೆಯೆಂದು ನನಗೆ ಹೊಳೆದದ್ದು ಮೆಟ್ಟಿಲಿಳಿದ ಮೇಲೆ.

ಮಾಫಿ ಸಿಕ್ಕಿತು! ಫೋನಿನಲ್ಲಿ ಅಮ್ಮನಿಗೆ ಎಲ್ಲ ಹೇಳಿದೆ.

"ಅದೆಲ್ಲ ಇರಲಿ," ಎಂದಳು, "ಇಂಗಿನ ಒಗ್ಗರಣೆ ಬರೆಸಿದೆ ತಾನೆ?"