ತಗ್ಗಿದ ಭುಜದ ಕೋಟು

ಬಹ್ರೈನಿನ ಸೀಫ್‌ನಲ್ಲಿ, ಮಾಲುಗಳ ಹಿಂಬದಿಯ ರಸ್ತೆಯಲ್ಲಿ ನಿಝಾಮುದ್ದೀನರ ಟೈಲರ್ ಅಂಗಡಿ. ಅಲ್ಲಿ ಕೋಟಿನ ಕೆಲಸವೆಲ್ಲ ಗುರುವಪ್ಪನದು. ಊರು ಕಿನ್ನಿಗೋಳಿಯ ಕಡೆ, ವಯಸ್ಸು ಐವತ್ತೆಂಟು, ಇಲ್ಲಿಗೆ ಬಂದು ಇಪ್ಪತ್ತಾರು ವರ್ಷ. ಬುಸೈತೀನ್‌ನ ಫ್ಲಾಟಿನಿಂದ ಬೆಳಿಗ್ಗೆ ನಿಝಾಮುದ್ದೀನರ ಕಾರಿನಲ್ಲೇ ಬರುತ್ತಾನೆ. ಮೈಮೇಲೆ ತಾನೇ ಹೊಲಿದ ಬಿಳಿ ಅಂಗಿ, ಇಸ್ತ್ರಿಯ ಗೆರೆ ಮಾಸದ ಪ್ಯಾಂಟು. ಲೆಕ್ಕವಿಲ್ಲದಷ್ಟು ಕೋಟು ಹೊಲಿದ ಆಸಾಮಿ ಒಂದನ್ನೂ ತನಗೆಂದು ಹೊಲಿದುಕೊಂಡವನಲ್ಲ.

ಕೆಲಸ ಕಲಿತದ್ದು ಮುಂಬಯಿಯ ಗಿರ್ಗಾಂವ್‌ನಲ್ಲಿ. ಅಲ್ಲಿನ ಮಾಸ್ಟರರ ಪ್ರಕಾರ ಕೋಟೆಂದರೆ ಒಳಗೆ ಮನುಷ್ಯ ಇಲ್ಲದಿದ್ದರೂ ಎದ್ದು ನಿಲ್ಲಬೇಕು. ಎದೆಯ ಒಳಪದರಕ್ಕೆ ಗಂಜಿ ಹಾಕಿದ ಗಟ್ಟಿ ಬಟ್ಟೆ, ಬಕ್ರಂ; ಭುಜಕ್ಕೆ ದಪ್ಪ ಪ್ಯಾಡ್. ಬೆನ್ನು ಗೂನಿರಲಿ, ಹೊಟ್ಟೆ ಮುಂದಿರಲಿ, ಎಲ್ಲವನ್ನೂ ಅದು ನುಂಗಿಕೊಳ್ಳಬೇಕು. ಗುರುವಪ್ಪ ಹಾಗೇ ನಂಬಿ ದುಡಿದ. ಅಂಗಡಿಗೆ ಇಟಲಿಯ ಕೋಟುಗಳೂ ಬರುತ್ತಿದ್ದವು. ತೋಳು ಗಿಡ್ಡ ಮಾಡುವುದು, ಸೊಂಟ ಹಿಡಿಯುವುದು ಇಷ್ಟೇ ಕೆಲಸ. ಬೆಲೆ ಕಿವಿಗೆ ಬಿದ್ದಾಗ, ಇದು ಹೆಸರಿಗೆ ಕೊಡುವ ದುಡ್ಡು ಎಂದುಕೊಂಡು ಸುಮ್ಮನಾಗುತ್ತಿದ್ದ.

ಹೋದ ವರ್ಷ ನವೆಂಬರಿನಲ್ಲಿ ಲತೇಶ್ ಒಂದು ಕೋಟು ತಂದ. ಉಡುಪಿಯವನು, ನಲವತ್ತೈದರ ಆಚೀಚೆ, ಡಿಪ್ಲೊಮ್ಯಾಟಿಕ್ ಏರಿಯಾದ ಬ್ಯಾಂಕೊಂದರಲ್ಲಿ ದೊಡ್ಡ ಹುದ್ದೆ. ಕಾಲೇಜಿನ ದಿನಗಳಲ್ಲಿ ಬೈಕಿನಿಂದ ಬಿದ್ದು ಹೆಗಲ ಮೂಳೆ ಮುರಿದಿತ್ತು. ಅಂದಿನಿಂದ ಬಲಭುಜ ಎಡದ್ದಕ್ಕಿಂತ ಮುಕ್ಕಾಲು ಇಂಚು ಕೆಳಗೆ.

"ಮಿಲಾನ್‌ಗೆ ಹೋದಾಗ ತಕೊಂಡದ್ದು ಗುರುವಪ್ಪಣ್ಣ. ಬಲಕ್ಕೆ ಒಂದು ಪ್ಯಾಡ್ ಹಾಕಿ ಸಮ ಮಾಡಿ ಕೊಡಿ. ಮುಂದಿನ ಗುರುವಾರ ಸಂಜೆ ಬ್ಯಾಂಕಿನ ಫಂಕ್ಷನ್ ಉಂಟು, ನಾನು ಮಾತಾಡ್ಲಿಕ್ಕುಂಟು."

"ಪ್ಯಾಡ್ ಅಲ್ವಾ, ಆಯ್ತು," ಎಂದ ಗುರುವಪ್ಪ.

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿಗೆ ಲೈನಿಂಗ್ ಬಿಚ್ಚಿದ. ಒಳಗೆ ಪ್ಯಾಡ್ ಇರಲಿಲ್ಲ, ಬಕ್ರಂ ಕೂಡ ಇರಲಿಲ್ಲ. ತೆಳ್ಳನೆಯ ಒಂದು ಕ್ಯಾನ್ವಾಸನ್ನು ಕೈಹೊಲಿಗೆಯಲ್ಲಿ ಸಡಿಲವಾಗಿ ಹಿಡಿಸಿದ್ದರು. ಹೊಲಿಗೆಗಳು ಒಂದು ಉದ್ದ, ಒಂದು ಗಿಡ್ಡ. ತೋಳಿನ ಮೇಲ್ಭಾಗದ ಬಟ್ಟೆ ಕಂಕುಳ ಸುತ್ತಳತೆಗಿಂತ ಎಷ್ಟೋ ಹೆಚ್ಚಿತ್ತು. ಆ ಹೆಚ್ಚನ್ನು ಸಣ್ಣ ಸಣ್ಣ ನೆರಿಗೆಯಾಗಿ ಅಡಗಿಸಿದ್ದರು. ಗಿರ್ಗಾಂವಿನ ಮಾಸ್ಟರ್ ನೋಡಿದ್ದರೆ ಬಿಚ್ಚಿಸಿ ಮತ್ತೆ ಹೊಲಿಸುತ್ತಿದ್ದರು.

"ಪಾಪ, ಇವರಿಗೆ ಮೋಸ ಮಾಡಿದ್ದಾರೆ," ಎಂದ ನಿಝಾಮುದ್ದೀನರಿಗೆ. "ಒಳಗೆ ಎಂತದ್ದೂ ಇಲ್ಲ."

ಆದರೂ ತೋಳಿಗೆ ಅಷ್ಟು ಬಟ್ಟೆ ಯಾಕೆಂಬ ಅನುಮಾನ ಬಂತು. ಲೈನಿಂಗ್ ಬಿಚ್ಚಿದ ಆ ಕೋಟನ್ನೇ ತೊಟ್ಟು ನೋಡಿದ. ಮೇಲಿನ ಹಲಗೆಯಿಂದ ನೂಲಿನ ಡಬ್ಬಿ ಇಳಿಸಲು ಎರಡೂ ಕೈ ಎತ್ತಿದ. ಕೋಟು ಇದ್ದಲ್ಲೇ ಇತ್ತು. ತಾನು ಹೊಲಿದ ಕೋಟಾಗಿದ್ದರೆ ಕೈಯೊಂದಿಗೆ ಅದೂ ಅರ್ಧ ಗೇಣು ಮೇಲೇರಿ, ಕಾಲರ್ ಕಿವಿಗೆ ಬರುತ್ತಿತ್ತು. ಡಬ್ಬಿಯನ್ನು ಇಟ್ಟು ಮತ್ತೊಮ್ಮೆ ಕೈ ಎತ್ತಿದ. ಆಮೇಲೆ ಕೋಟು ಬಿಚ್ಚಿ, ಕಂಕುಳ ಭಾಗವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

ಹೇಳಿದ ಕೆಲಸವೆಂದು ಪ್ಯಾಡ್ ಹಾಕಿದ. ಸೋಮವಾರ ಟ್ರಯಲ್‌ಗೆ ಬಂದ ಲತೇಶ್ ಕನ್ನಡಿಯ ಮುಂದೆ ನಿಂತು ಖುಷಿಪಟ್ಟ. ಭುಜಗಳೆರಡೂ ಸಮ. ಅಷ್ಟರಲ್ಲಿ ಫೋನು ಬಂತು. ಅವನು ಬಲಗೈಯಲ್ಲಿ ಅದನ್ನು ಕಿವಿಗೆ ಹಿಡಿದದ್ದೇ ತಡ, ಪ್ಯಾಡಿನ ಭುಜ ಪೆಟ್ಟಿಗೆಯ ಹಾಗೆ ಮೇಲೆದ್ದಿತು. ಕಾಲರ್ ಕುತ್ತಿಗೆ ಬಿಟ್ಟು ದೂರ ನಿಂತಿತು. ಮಾತಿನಲ್ಲಿದ್ದ ಲತೇಶನಿಗೆ ಗೊತ್ತಾಗಲಿಲ್ಲ. ಗುರುವಪ್ಪ ಅದನ್ನು ಕಂಡ.

"ಎರಡು ದಿನ ನನ್ನಲ್ಲಿರಲಿ," ಎಂದ.

"ಸರಿ ಉಂಟಲ್ಲ ಮಾರಾಯ್ರೆ?"

"ನಿಂತ್ರೆ ಸರಿ ಉಂಟು. ಕೈ ಆಡಿಸಿದ್ರೆ ಇಲ್ಲ."

ಪ್ಯಾಡ್ ತೆಗೆದ, ಬಲತೋಳನ್ನೂ ಬಿಚ್ಚಿದ. ಭುಜದ ಹೊಲಿಗೆಯನ್ನು ಬಲತುದಿಯಲ್ಲಿ ಮುಕ್ಕಾಲು ಇಂಚು ತಗ್ಗಿಸಿ, ಅಷ್ಟೇ ಕೆಳಗೆ ಕಂಕುಳನ್ನು ಕೊರೆಯಲು ಸೀಮೆಸುಣ್ಣದಿಂದ ಗೆರೆ ಎಳೆದ. ನಿಝಾಮುದ್ದೀನ್ ಬಂದು ನೋಡಿದರು.

"ಅವರು ಹೇಳಿದ್ದು ಎಂತ, ನೀವು ಮಾಡುವುದು ಎಂತ? ಕತ್ತರಿ ಹಾಕಿದ್ರೆ ಮತ್ತೆ ಜೋಡಿಸ್ಲಿಕ್ಕೆ ಆಗ್ತದಾ?"

"ಆಗೂದಿಲ್ಲ."

"ಹಾಳಾದ್ರೆ?"

"ಹಾಳಾದ್ರೆ ನಾನೇ ಅವರ ಹತ್ರ ಹೇಳ್ತೇನೆ. ನಿಮ್ಮ ಹೆಸರು ತರೂದಿಲ್ಲ."

ನಿಝಾಮುದ್ದೀನ್ ಕೌಂಟರಿಗೆ ಹೋದರು. ಗುರುವಪ್ಪ ಗೆರೆಯನ್ನು ಇನ್ನೊಮ್ಮೆ ಅಳೆದು ಕತ್ತರಿಸಿದ. ತೋಳು ಕೂರಿಸಲು ಇಡೀ ದಿನ ಹಿಡಿಯಿತು. ಇಟಲಿಯವರ ನೆರಿಗೆಗಳನ್ನು ಒಂದೊಂದಾಗಿ ಎಣಿಸಿ, ಎಡತೋಳು ನೋಡಿ ಬಲತೋಳು ಹೊಲಿದ. ಮೂರು ಸಲ ಬಿಚ್ಚಿದ.

ಗುರುವಾರ ನಾಲ್ಕು ಗಂಟೆಗೆ ಬಂದ ಲತೇಶ್ ಕೋಟು ತೊಟ್ಟು ಕನ್ನಡಿ ನೋಡಿದ. ಬೆನ್ನಿನಲ್ಲಿ ಒಂದು ಸುಕ್ಕಿಲ್ಲ, ಕಾಲರ್ ಕುತ್ತಿಗೆಗೆ ಅಂಟಿ ಕೂತಿದೆ. ಆದರೆ ಬಲಭುಜ ತಗ್ಗಿರುವುದು ಕಾಣುತ್ತದೆ.

"ನಾನು ಮುಚ್ಲಿಕ್ಕೆ ಹೇಳಿದ್ದು ಗುರುವಪ್ಪಣ್ಣ," ಎಂದ.

"ಹೌದು."

"ಫೋಟೊಕ್ಕೆ ನಾನು ಯಾವಾಗ್ಲೂ ವಾರೆ ನಿಲ್ಲುವುದು, ಗೊತ್ತುಂಟಾ ನಿಮ್ಗೆ?"

ಗುರುವಪ್ಪನಿಗೆ ಗೊತ್ತಿರಲಿಲ್ಲ. "ಭುಜ ನಿಮ್ಮದಲ್ವಾ. ಮುಚ್ಚಿದ್ರೆ ಜನ ಮೊದ್ಲು ನೋಡುವುದು ಮುಚ್ಚಿದ್ದನ್ನೇ," ಎಂದ. 

ಲತೇಶನಿಗೆ ಬೇರೆ ಕೋಟು ತರಲು ಹೊತ್ತಿರಲಿಲ್ಲ. ಸಿಟ್ಟಿನಲ್ಲೇ ತೊಟ್ಟುಕೊಂಡು ಹೋದ. ನಿಝಾಮುದ್ದೀನ್ ತಲೆಯಾಡಿಸಿ, "ಒಬ್ಬ ಗಿರಾಕಿ ಹೋದ," ಎಂದರು.

ಹತ್ತು ದಿನ ಕಳೆದು ಲತೇಶನ ಹೆಂಡತಿ ಭವ್ಯಶ್ರೀ ನಾಲ್ಕು ಹಳೆಯ ಕೋಟು ಹಿಡಿದು ಬಂದಳು.

"ಇವುಗಳದ್ದೆಲ್ಲ ಪ್ಯಾಡ್ ತೆಗೀಬೇಕಂತೆ. ಅದೇ ರೀತಿ ಮಾಡಿ ಕೊಡ್ಬೇಕಂತೆ."

"ಸಿಟ್ಟು ಇಳಿಯಿತಾ ಅವರದ್ದು?"

"ಅದು ನಂಗೆ ಗೊತ್ತಿಲ್ಲ. ದಿನಾ ಮನೆಗೆ ಬಂದ್ರೆ ಬಾಗಿಲಲ್ಲೇ ಕೋಟು ಬಿಚ್ಚಿ ಸೋಫಾಕ್ಕೆ ಎಸೆಯುವವರು. ಆ ದಿನ ಫಂಕ್ಷನಿಂದ ಬಂದು ಕೋಟಲ್ಲೇ ಕೂತು ಗಂಜಿ ಉಂಡ್ರು. ಮೈಮೇಲೆ ಉಂಟಂತ ನೆನಪೇ ಇರ್ಲಿಲ್ಲ ಅವರಿಗೆ."

ನಾಲ್ಕರಲ್ಲಿ ಎರಡನ್ನು ಗುರುವಪ್ಪ ವಾಪಸು ಕೊಟ್ಟ. ಅವುಗಳ ಒಳಗೆಲ್ಲ ಅಂಟು ಹಚ್ಚಿದ ಬಕ್ರಂ. ಬಿಚ್ಚಿದರೆ ಬಟ್ಟೆಯೇ ಕಿತ್ತುಬರುವಂಥದ್ದು. ಉಳಿದೆರಡನ್ನು ಮಾಡಿಕೊಟ್ಟ.

ಆಮೇಲೆ ಇಂಥದ್ದೊಂದನ್ನು ಮೊದಲಿನಿಂದ ತಾನೇ ಹೊಲಿಯಬೇಕೆಂಬ ಹಟ ಹಿಡಿಯಿತು. ಮೊದಲನೆಯದು ಕೆಟ್ಟಿತು. ಎದೆ ಜೋಲು ಬಿದ್ದು, ತೊಟ್ಟವನು ಮಳೆಯಲ್ಲಿ ನೆನೆದವನಂತೆ ಕಂಡ. ಎರಡನೆಯದನ್ನು ಗಿರಾಕಿ ಮೆತ್ತಗಾಯಿತೆಂದು ಬಿಟ್ಟುಹೋದ. ಗಟ್ಟಿ ಮಾಡುವುದನ್ನು ಅವನು ಯಾವತ್ತೋ ಕಲಿತಿದ್ದ. ಬಿಡುವುದನ್ನು ಐವತ್ತೆಂಟರಲ್ಲಿ ಕಲಿಯಬೇಕಾಯಿತು. ಎಲ್ಲಿ ಹೊಲಿಗೆ ಬೇಡ, ಎಲ್ಲಿ ಬಟ್ಟೆಯನ್ನು ಅದರ ಪಾಡಿಗೆ ಬಿಡಬೇಕು ಎಂಬುದು ಯಾವ ಟೇಪಿನಲ್ಲೂ ಸಿಗುವ ಅಳತೆಯಲ್ಲ.

ಮೂರನೆಯದು ಅಬ್ದುಲ್ ಅಜೀಜ್ ಎಂಬ ಬಹ್ರೈನಿ ವಕೀಲರಿಗೆ. ಈ ಫೆಬ್ರವರಿಯಲ್ಲಿ ಟ್ರಯಲ್‌ಗೆ ಬಂದವರು ಕೋಟು ತೊಡುತ್ತಲೇ ನಿಝಾಮುದ್ದೀನರ ಹತ್ತಿರ ಹಿಂದಿಯಲ್ಲಿ ಪಾರ್ಕಿಂಗಿನ ಗೋಳು ಶುರುಮಾಡಿದರು. ಮಾತು ಮುಗಿಯಿತು, ಸಲಾಂ ಹೇಳಿದರು, ಕನ್ನಡಿಯತ್ತ ನೋಡದೆ, ಕೋಟು ಮೈಮೇಲಿರುವಂತೆಯೇ ಬಾಗಿಲು ದೂಡಿ ಹೊರಟೇಹೋದರು. ಕೋಟಿನ ಒಂದು ತೋಳನ್ನು ಇನ್ನೂ ಬಿಳಿ ದಾರದ ಕಚ್ಚಾ ಹೊಲಿಗೆಯೇ ಹಿಡಿದುಕೊಂಡಿತ್ತು. ಅವರು ಕಾರಿನ ಬಾಗಿಲು ತೆಗೆಯುವಷ್ಟರಲ್ಲಿ ಗುರುವಪ್ಪ ಓಡಿಹೋಗಿ ನಿಲ್ಲಿಸಿದ.